ಬುಟ್ಟಿಯ ಗೋಡೆ ಕಡೆ

ತವರದ ಗಣಿ ಮುಚ್ಚಿದ ವರ್ಷ
ಕಡೆಯ ಸಂಬಳದ ಬದಲು ಫೂಕ್ ಸಿಯೊಂಗ್
ಒಂದು ಬಿದಿರು ಬುಟ್ಟಿ ಹೊತ್ತು ತಂದ.
ಕೂಲಿಗಳಿಗೆ ಕುದಿಸಿ ಕೊಡುತ್ತಿದ್ದ ಲುಕ್ ಪೋ ಚಹಾ,
ಉಗ್ರಾಣದಲ್ಲಿ ಉಳಿದದ್ದು. ಮೂವತ್ತೆಂಟು ಕಿಲೋ.
ಇಪೋ ಊರಿಗೆ ಊರೇ ನಕ್ಕಿತು.
ಅವನು ಅಂದ:
ಮೂವತ್ತು ವರ್ಷ ಇದನ್ನು ಯಾರೂ ಮುಟ್ಟಕೂಡದು.

ಹಿಂದಿನ ಕೋಣೆಯಲ್ಲಿ ನಾಲ್ಕು ಇಟ್ಟಿಗೆ,
ಇಟ್ಟಿಗೆಯ ಮೇಲೆ ಹಲಗೆ,
ಹಲಗೆಯ ಮೇಲೆ ಬುಟ್ಟಿ, ಬಾಣಂತಿಯ ಹಾಗೆ.
ಆ ಕೋಣೆಗೆ ಒಣಮೀನು ಹೋಗಬಾರದು, ಊದುಕಡ್ಡಿ ಹೋಗಬಾರದು,
ಮಂಡಿಗೆ ತೈಲ ಹಚ್ಚಿಕೊಂಡ ಅತ್ತೆಯೂ ಹೋಗಬಾರದು.
ಗೋಡೆಯಲ್ಲಿ ತೇವ ಅಳೆಯುವ ಗಡಿಯಾರದಂಥದ್ದೊಂದು:
ಮುಳ್ಳು ಎಂಬತ್ತು ದಾಟಿದರೆ ಫ್ಯಾನು ಹಾಕು,
ಎಪ್ಪತ್ತಕ್ಕಿಳಿದರೆ ಆರಿಸು.
ಮಗಳಿಗೆ ಜ್ವರ ಬಂದ ರಾತ್ರಿಯೂ
ಅವನು ಮೊದಲು ನೋಡಿದ್ದು ಆ ಮುಳ್ಳನ್ನು.
ಸುಳ್ಳು ಯಾಕೆ, ಎರಡನೆಯದಾಗಿ ನೋಡಿದ್ದು.

ಬಡತನಕ್ಕೆ ಕದ್ದೆ ಅಂದರೆ
ಕೇಳುವವರ ಕಣ್ಣು ಒದ್ದೆಯಾದೀತು.
ಹಾಗೇನಿಲ್ಲ. ನನಗೆ ರುಚಿ ನೋಡಬೇಕಿತ್ತು.

ಮೂರನೇ ವರ್ಷದ ಒಂದು ಮಧ್ಯಾಹ್ನ
ಅವನು ಲಾರಿ ಶೆಡ್ಡಿಗೆ ಹೋದ ಮೇಲೆ
ಗೋಡೆ ಕಡೆಯ ಒಂದು ದಬ್ಬೆ ಸಡಿಲಿಸಿ
ಕೊಕ್ಕೆಕಡ್ಡಿಯಿಂದ ಒಂದು ಹಿಡಿ ಕೆದಕಿದೆ.
ತೆಗೆದ ಹಿಡಿಯ ಜಾಗಕ್ಕೆ
ಸಂತೆಯ ಅಗ್ಗದ ಎಲೆ ಒಂದು ಹಿಡಿ ತುರುಕಿದೆ.
ಆಮೇಲೆ ವಾರಕ್ಕೊಮ್ಮೆ.
ಹೊಸ ವರ್ಷ ಬಂತೆಂದರೆ ಅವನು
ಗಣಿಯ ಹಳೆ ತಕ್ಕಡಿಗೆ ಬುಟ್ಟಿ ಏರಿಸುತ್ತಿದ್ದ.
ತೂಕ ಒಂದಿಷ್ಟೂ ತಪ್ಪಿಲ್ಲ ನೋಡು, ಅನ್ನುತ್ತಿದ್ದ.
ನನ್ನ ಕೈ ಅಂಥದ್ದು.

ಪಕ್ಕದ ಮನೆಯ ಪೊನ್ನುತ್ತಾಯಿ
ಹಿತ್ತಿಲ ಬಾಗಿಲಿಂದ ಬರುತ್ತಿದ್ದಳು.
ಮೊದಲ ನೀರು ಚೆಲ್ಲು, ಎರಡನೆಯದು ಕುಡಿ.
ಹಾಲಿಲ್ಲದ ಕಷಾಯ ಎಂದು ಮುಖ ಕಿವಿಚಿದವಳು
ಏಳನೇ ವರ್ಷದಿಂದ ತನ್ನದೇ ಲೋಟ ತರತೊಡಗಿದಳು.
ನಾವು ಮಾತಾಡಿದ್ದು ಮಲಯದಲ್ಲಿ, ಇಬ್ಬರದೂ ಅರ್ಧಂಬರ್ಧ.
ಚಹಾಕ್ಕೆ ಮಾತ್ರ ಪೂರ್ತಿ ಹೆಸರಿಟ್ಟೆವು: ಗೋಡೆಯಜ್ಜ.

ಮೊನ್ನೆ ಕ್ವಾಲಾಲಂಪುರದಿಂದ ಯಾಪ್ ಎಂಬ ವ್ಯಾಪಾರಿ ಬಂದ.
ಬಿಳಿ ಕೈಗವಸು, ಜೇಬಲ್ಲಿ ಟಾರ್ಚು.
ಮೇಲಿನ ಪದರ ಮೂಸಿದ.
ಅರಿಸಿನ ಉದುರಿಸಿದಂಥ ಬೂಷ್ಟು ಕಂಡು
ಇದು ಒಳ್ಳೆಯ ಬೂಷ್ಟು, ಪುಣ್ಯ ಮಾಡಿದ್ದೀರಿ, ಅಂದ.
ಆಮೇಲೆ ತೋಳು ಮುಳುಗುವಷ್ಟು ಕೈ ಇಳಿಸಿ
ತಳದಿಂದ ಒಂದು ಚಿಟಿಕೆ ಎತ್ತಿದ.
ನಾನು ನೀರು ಕುದಿಸಿದೆ. ಕುದಿಸದೆ ಏನು ಮಾಡಲಿ.

ಕುಡಿದ. ಸುಮ್ಮನಿದ್ದ. ಇನ್ನೊಂದು ಬಟ್ಟಲು ಕೇಳಿದ.
ಇದು ಬೇರೆ ಎಲೆ, ಅಂದ.
ಒಂದಲ್ಲ, ಇಪ್ಪತ್ತು ಮೂವತ್ತು ತರದ್ದು.
ಬಡ ಎಲೆ. ಆದರೆ ಚೆನ್ನಾಗಿ ಮುದಿಯಾಗಿದೆ.
ಇದಕ್ಕೂ ಬೆಲೆ ಕಟ್ಟುತ್ತೇನೆ.

ಫೂಕ್ ಸಿಯೊಂಗ್ ನನ್ನ ಕಡೆ ನೋಡಲಿಲ್ಲ.
ಬುಟ್ಟಿ ನೋಡಿದ, ಗೋಡೆ ನೋಡಿದ,
ಬುಟ್ಟಿಗೂ ಗೋಡೆಗೂ ನಡುವಿನ ಒಂದು ಗೇಣು ನೋಡಿದ.
ಮೇಲಿನದು ಒಯ್ಯಿರಿ, ಅಂದ. ತಳದ್ದು ಮನೆಗೆ ಬೇಕು.

ರಾತ್ರಿ, ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ ಕೇಳಿದ:
ಒಂಬತ್ತನೇ ವರ್ಷ ಹೇಗಿತ್ತು?

ಹೇಳಿದೆ. ಮೂರನೆಯದು ಹಸಿ ಹಲಗೆ, ನಾಲಿಗೆಯೆಲ್ಲ ಒಗರು.
ಒಂಬತ್ತರಲ್ಲಿ ಒದ್ದೆ ಮಣ್ಣು, ನಿನ್ನ ಗಣಿಯ ಬೂಟಿನ ಹಾಗೆ.
ಹದಿನಾರರಲ್ಲಿ, ಅತ್ತೆ ಹೋದ ವಾರ,
ಇದ್ದಕ್ಕಿದ್ದಂತೆ ಅಡಿಕೆಯ ಕಂಪು.
ಇಪ್ಪತ್ತೊಂದು ಸಪ್ಪೆ. ಯಾಕೋ ಗೊತ್ತಿಲ್ಲ.
ಇಪ್ಪತ್ತೆರಡಕ್ಕೆ ಸರಿಹೋಯಿತು.

ನನಗೂ ಒಂದು ಲೋಟ ಕೊಡಬಹುದಿತ್ತು, ಅಂದ.
ಎಲ್ಲಿಂದ ಬಂತು ಅಂತ ಕೇಳುತ್ತಿದ್ದೆಯಲ್ಲ, ಅಂದೆ.

ಎದ್ದು ಹೋಗಿ ಫ್ಯಾನು ಹಾಕಿ ಬಂದ.
ಮುಳ್ಳು ಎಂಬತ್ತಮೂರು ಮುಟ್ಟಿತ್ತಂತೆ.